ಒಲ್ಲೆನೆಂಬ ಮಗುವಿನ ತಟ್ಟೆ

ಕಳೆದ ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಬರೆಯುವವರು ಬಹುಮಟ್ಟಿಗೆ ತಾಯಂದಿರು. ಒಬ್ಬಿಬ್ಬರು ಅಜ್ಜಂದಿರೂ ಉಂಟು. ಮಗು ಏನನ್ನೂ ತಿನ್ನುವುದಿಲ್ಲವೆಂಬುದು ಅವರ ಅಳಲಲ್ಲ. ತಿನ್ನುತ್ತದೆ, ಆದರೆ ಅನ್ನಕ್ಕೆ ಹಾಲು ಸಕ್ಕರೆ, ಚಪಾತಿಗೆ ಸಕ್ಕರೆ, ಚಹಾಕ್ಕೆ ಬಿಸ್ಕತ್ತು, ಸಂಜೆಗೆ ಚುರಮುರಿ, ಇವಿಷ್ಟನ್ನೇ ತಿನ್ನುತ್ತದೆ. ಕಾಳಿನ ಪಲ್ಯವನ್ನು ಕಂಡೊಡನೆ ಮುಖ ತಿರುವುತ್ತದೆ, ಬೇಳೆಯ ಸಾರಿನಲ್ಲಿ ತಿಳಿಯನ್ನು ಬಸಿದುಕೊಂಡು ಬೇಳೆಯನ್ನು ತಟ್ಟೆಯ ಅಂಚಿಗೆ ದೂಡುತ್ತದೆ. ವೈದ್ಯರಲ್ಲಿಗೆ ಕರೆದೊಯ್ದರೆ ಅವರು, "ಪ್ರೋಟೀನು ಹೆಚ್ಚು ಮಾಡಿರಿ, ಹಿಟ್ಟು ಸಕ್ಕರೆ ಕಡಿಮೆ ಮಾಡಿರಿ, ತತ್ತಿ ಕೊಡಿರಿ" ಎಂದು ಮೂರು ಮಾತು ಹೇಳಿ ಕಳುಹಿಸುತ್ತಾರೆ. ತತ್ತಿ ನಮ್ಮ ಮನೆಗಳ ಒಲೆಯನ್ನು ಕಾಣುವ ವಸ್ತುವಲ್ಲ. ಹಾಗಾದರೆ ಕೊಡುವುದು ಏನನ್ನು, ಅದನ್ನು ಒಲ್ಲೆನೆಂಬ ಮಗುವಿಗೆ ಉಣಿಸುವುದು ಹೇಗೆ?

ಪ್ರಶ್ನೆ ಸಣ್ಣದಲ್ಲ. 2016ರಿಂದ 2018ರವರೆಗೆ ದೇಶದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ ಐದು ವರ್ಷ ದಾಟಿದ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು ಹತ್ತು ಮಕ್ಕಳಲ್ಲಿ ಸಕ್ಕರೆಯ ಅಂಶವು ಮಧುಮೇಹದ ಹೊಸ್ತಿಲಿನಲ್ಲಿರುವುದು ಕಂಡುಬಂದಿತು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಕೂಸುಗಳಲ್ಲಿ ನೂರಕ್ಕೆ ಸುಮಾರು ಮೂವತ್ತೈದು ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಒಂದೇ ದೇಶ, ಎರಡು ವಿಪರೀತಗಳು. ಎಷ್ಟೋ ವೇಳೆ ಇವೆರಡೂ ಒಂದೇ ಓಣಿಯಲ್ಲಿ, ಒಂದೇ ಮನೆಯ ಅಣ್ಣತಮ್ಮಂದಿರಲ್ಲಿಯೂ ಕಾಣಸಿಗುತ್ತವೆ. ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹ ತುಂಬುವುದಿಲ್ಲ.

ನಾವು ಶಾಲೆಯಲ್ಲಿ 'ಸಸಾರಜನಕ'ವೆಂದು ಕಲಿತದ್ದನ್ನೇ ಇಂದು ಎಲ್ಲರೂ ಪ್ರೋಟೀನು ಎನ್ನುತ್ತಾರೆ. ಅದು ಎಷ್ಟು ಬೇಕು? 1918ರಲ್ಲಿ ಕುನ್ನೂರಿನಲ್ಲಿ ಪುಟ್ಟದಾಗಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ, ಏಳರಿಂದ ಒಂಬತ್ತು ವರ್ಷದವರಿಗೆ ಸುಮಾರು 23 ಗ್ರಾಂ, ಹತ್ತರಿಂದ ಹನ್ನೆರಡು ವರ್ಷದವರಿಗೆ 32 ಗ್ರಾಂನಷ್ಟು ಸಾಕು. ತಾಯಂದಿರು ಈ ಅಂಕಿಗಳನ್ನು ಒಮ್ಮೆ ಶಾಂತಚಿತ್ತರಾಗಿ ನೋಡಬೇಕು. ಭಯಪಡುವಷ್ಟು ದೊಡ್ಡ ಮೊತ್ತವೇನೂ ಅಲ್ಲ.

ಏಳು ವರ್ಷದ ಮಗುವೊಂದರ ದಿನವನ್ನು ಎಣಿಸಿ ನೋಡೋಣ. ಒಂದು ಲೋಟ, ಎಂದರೆ 200 ಮಿಲಿ ಹಾಲಿನಲ್ಲಿ ಆರೂವರೆ ಗ್ರಾಂ. ಒಂದು ಸಣ್ಣ ಬಟ್ಟಲು ಮೊಸರಿನಲ್ಲಿ ಮೂರು ಗ್ರಾಂ. ಒಣಕಾಳಿನ ಲೆಕ್ಕದಲ್ಲಿ 30 ಗ್ರಾಂ ಹೆಸರುಕಾಳಿನ ಉಸಳಿಯಲ್ಲಿ ಆರೂವರೆಗೂ ತುಸು ಹೆಚ್ಚು. 20 ಗ್ರಾಂ ಶೇಂಗಾದ ಚಟ್ನಿಯಲ್ಲಿ ನಾಲ್ಕೂವರೆ. 40 ಗ್ರಾಂ ಹಿಟ್ಟಿನ ಒಂದು ಎಳೆಯ ಜೋಳದ ರೊಟ್ಟಿಯಲ್ಲಿ ನಾಲ್ಕು. ಕೂಡಿಸಿದರೆ ಇಪ್ಪತ್ತನಾಲ್ಕು ದಾಟಿತು. ಯಾವ ಡಬ್ಬಿಯ ಪುಡಿಯೂ ಬೇಕಾಗಲಿಲ್ಲ. ಇಷ್ಟೂ ಸೇರಿ ಪಿಷ್ಟ ಸಕ್ಕರೆಗಳ ಅಂಶ ಅರವತ್ತು ಗ್ರಾಂ ಆಸುಪಾಸಿನಲ್ಲಿಯೇ ನಿಂತಿತು. ಒಂದು ಹಣ್ಣಿಗೂ ಒಂದು ಹಿಡಿ ಅನ್ನಕ್ಕೂ ಇನ್ನೂ ಧಾರಾಳವಾಗಿ ಸ್ಥಳವಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಿಯೇ ಮುಂದುವರಿಯಬೇಕು. 'ಪಿಷ್ಟ ಕಡಿಮೆ' ಎಂಬ ಮಾತು ಈಗ ದೊಡ್ಡವರಲ್ಲಿ ಒಂದು ವ್ರತದಂತೆ ಹಬ್ಬಿದೆ. ತೂಕ ಇಳಿಸಬೇಕೆಂಬ ತಂದೆ ಅನ್ನ ರೊಟ್ಟಿ ಬಿಟ್ಟನೆಂದು ಮಗುವಿನ ತಟ್ಟೆಯಿಂದಲೂ ಅವನ್ನು ಎತ್ತಿಬಿಡುವ ಮನೆಗಳನ್ನು ನಾವು ಕಂಡಿದ್ದೇವೆ. ಇದು ತಕ್ಕುದಲ್ಲ. ಅದೇ ಪೋಷಣ ಸಂಸ್ಥೆಯ ಲೆಕ್ಕದಲ್ಲಿ ಒಂದು ವರ್ಷ ದಾಟಿದ ಯಾರಿಗೇ ಆಗಲಿ ದಿನಕ್ಕೆ 130 ಗ್ರಾಂ ಶರ್ಕರಪಿಷ್ಟ ಬೇಕು. ಆ ಸಂಸ್ಥೆಯನ್ನು ಬಹುಕಾಲ ನಡೆಸಿದ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟ ಸಂಗತಿಯೂ ಇದಕ್ಕೆ ಸಂಬಂಧಿಸಿದ್ದೇ. ನಮ್ಮ ಬಡ ಮಕ್ಕಳಲ್ಲಿ ಕೊರತೆಯಾಗಿದ್ದುದು ಮೊದಲಿಗೆ ಒಟ್ಟು ಆಹಾರವೇ. ಹೊಟ್ಟೆಗೆ ಸಾಲದೆ ಹೋದರೆ ದೇಹವು ಪ್ರೋಟೀನನ್ನೂ ಒಲೆಯ ಸೌದೆಯಂತೆ ಸುಟ್ಟುಕೊಳ್ಳುತ್ತದೆ, ಅದು ಬೆಳವಣಿಗೆಗೆ ಒದಗುವುದಿಲ್ಲ. ಆದುದರಿಂದ ಮಗುವಿನ ತಟ್ಟೆಯಲ್ಲಿ ಕಡಿಮೆಯಾಗಬೇಕಾದುದು ಸಕ್ಕರೆ, ಮೈದಾ, ಬಿಸ್ಕತ್ತು, ಸಾಬೂದಾಣಿ, ಬರಿಯ ಬಿಳಿ ಅನ್ನದ ರಾಶಿ, ರೊಟ್ಟಿಯಲ್ಲ. (ಉಪವಾಸದ ದಿನ ಸಾಬೂದಾಣಿ ತಿಂದು 'ಹಗುರ'ವೆಂದುಕೊಳ್ಳುವವರು ಬಹಳ. ಅದು ಅಪ್ಪಟ ಪಿಷ್ಟ. ಪ್ರೋಟೀನು ಇಲ್ಲವೆಂದೇ ಹೇಳಬೇಕು.)

ಇನ್ನು ಕಾಳುಗಳ ವಿಚಾರ. ಹೆಸರು, ಕಡಲೆ, ತೊಗರಿ, ಮಡಕಿ, ಹುರಳಿ, ಅಲಸಂದಿ, ಇವೆಲ್ಲವೂ ನೂರು ಗ್ರಾಂ ಒಣಕಾಳಿಗೆ ಇಪ್ಪತ್ತರ ಆಚೀಚೆ ಪ್ರೋಟೀನು ಕೊಡುತ್ತವೆ. ಸೋಯಾ ಒಂದೇ ಮೂವತ್ತೈದನ್ನು ದಾಟುತ್ತದೆ. ಆದರೆ ಕಾಳಿನಲ್ಲಿಯೂ ಅರ್ಧದಷ್ಟು ಪಿಷ್ಟವಿದೆಯೆಂಬುದನ್ನು ಮರೆಮಾಚಬಾರದು. ವ್ಯತ್ಯಾಸವೆಂದರೆ, ಅದರೊಡನೆ ನಾರೂ ಇರುವುದರಿಂದ ಆ ಪಿಷ್ಟವು ನಿಧಾನವಾಗಿ ಕರಗಿ, ರಕ್ತದ ಸಕ್ಕರೆಯನ್ನು ಒಮ್ಮೆಲೇ ಮೇಲಕ್ಕೆತ್ತುವುದಿಲ್ಲ. ನಿಜವಾಗಿ ಪಿಷ್ಟ ಕಡಿಮೆಯಿದ್ದು ಪ್ರೋಟೀನು ಹೆಚ್ಚಿರುವುದು ಬೇಕೆಂದರೆ ಶೇಂಗಾ, ಎಳ್ಳು, ಗುರೆಳ್ಳು, ಅಗಸಿ, ಪನೀರು, ನೀರಿಳಿಸಿದ ಮೊಸರು, ಇವುಗಳ ಕಡೆಗೆ ನೋಡಬೇಕು. ಶೇಂಗಾದಲ್ಲಿ ನೂರಕ್ಕೆ ಇಪ್ಪತ್ತಮೂರಕ್ಕೂ ಮಿಕ್ಕು, ಅಗಸಿ ಗುರೆಳ್ಳುಗಳಲ್ಲಿ ಹದಿನೆಂಟರ ಆಸುಪಾಸು, ಪನೀರಿನಲ್ಲಿಯೂ ಅಷ್ಟೇ. ಉತ್ತರ ಕರ್ನಾಟಕದ ನಮ್ಮ ಹಿರಿಯರು ರೊಟ್ಟಿಯ ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳ ಮೂರು ಭರಣಿಗಳನ್ನು ನೆಲುವಿನಲ್ಲಿಟ್ಟದ್ದು ರುಚಿಗಾಗಿ ಇದ್ದೀತು. ಫಲ ಮಾತ್ರ ರುಚಿಗಿಂತ ಹಿರಿದು. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕೊರತೆ, ಕಾಳಿನಲ್ಲಿ ಅದು ಸಮೃದ್ಧ. ಕಾಳಿನಲ್ಲಿ ಕಡಿಮೆಯಾದುದನ್ನು ಧಾನ್ಯ ತುಂಬಿಕೊಡುತ್ತದೆ. ರೊಟ್ಟಿ ಮತ್ತು ಮಡಕಿಕಾಳಿನ ಪಲ್ಯ ಒಂದಕ್ಕೊಂದು ಹೆಗಲು ಕೊಡುವ ಜೋಡಿ.

ಇದೆಲ್ಲ ತಿಳಿದರೂ ಮಗು ತಿನ್ನಬೇಕಲ್ಲ! ಅಲ್ಲಿಯೇ ಇರುವುದು ನಿಜವಾದ ಕಷ್ಟ.

ನಮ್ಮ ಅನುಭವದಲ್ಲಿ, ಮಗು ಒಲ್ಲೆನೆನ್ನುವುದು ಎಷ್ಟೋ ಸಲ ರುಚಿಯನ್ನಲ್ಲ, ಸ್ಪರ್ಶವನ್ನು. ಒಂದು ಮಗುವಿಗೆ ಬಾಯಲ್ಲಿ ಪಿಸುಕುವ ವಸ್ತುವೆಂದರೆ ಆಗದು; ಅದಕ್ಕೆ ಗರಿಗರಿ ಬೇಕು. ಇನ್ನೊಂದಕ್ಕೆ ಕಾಳಿನ ಸಿಪ್ಪೆ ಗಂಟಲಿಗೆ ತಾಗುತ್ತದೆ, ಅದಕ್ಕೆ ನುಣ್ಣಗಿರಬೇಕು. ಮತ್ತೊಂದಕ್ಕೆ ಅನ್ನ ಸಾರು ಪಲ್ಯ ಒಂದರೊಳಗೊಂದು ಬೆರೆತುದನ್ನು ಕಂಡರೆ ಹೇಸಿಕೆ. ಆದುದರಿಂದ ತಾಯಿ ಮೊದಲು ನೋಡಬೇಕಾದುದು ಮಗು ಬಿಟ್ಟುದನ್ನಲ್ಲ, ತಿನ್ನುತ್ತಿರುವುದನ್ನು. ಅದರ ಪಕ್ಕದ ಮನೆಗೆ ಹೆಜ್ಜೆಯಿಡುವುದೇ ಉಪಾಯ.

ಮಗು ದೋಸೆ ತಿನ್ನುತ್ತದೆಯೆ? ಹಿಟ್ಟಿಗೆ ಮೊದಲ ವಾರ ಮೂರರಲ್ಲಿ ಒಂದು ಪಾಲು ಹೆಸರುಬೇಳೆ ರುಬ್ಬಿ ಬೆರೆಸಿರಿ, ಮುಂದಿನ ವಾರಗಳಲ್ಲಿ ಅರ್ಧಕ್ಕೆ ತನ್ನಿರಿ. ಕೊನೆಗೆ ಬರಿಯ ಹೆಸರಿನ ದೋಸೆಯನ್ನೇ ಗರಿಯಾಗಿ ಹುಯ್ದುಕೊಟ್ಟರೆ ಬೇಡವೆನ್ನುವ ಮಗು ಅಪರೂಪ. ಸಕ್ಕರೆ ಚಪಾತಿಯ ಮಗುವಿಗೆ ಸಕ್ಕರೆಯ ಜಾಗದಲ್ಲಿ ಖಾರವಿಲ್ಲದ ಶೇಂಗಾಪುಡಿಯನ್ನು ತುಪ್ಪದೊಡನೆ ಸವರಿ ಸುರುಳಿ ಸುತ್ತಿಕೊಡಬಹುದು. ಮೊದಲ ದಿನಗಳಲ್ಲಿ ಚಿಟಿಕೆ ಬೆಲ್ಲವಿರಲಿ, ಆಮೇಲೆ ಅದೂ ಸರಿಯಲಿ. ಬೆಲ್ಲ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದೂ ಸಕ್ಕರೆಯೇ, ಬಣ್ಣ ಬೇರೆ, ಪರಿಮಳ ಬೇರೆ, ಅಷ್ಟೆ. ಶೇಂಗಾದ ಉಂಡಿಗೂ ಹಿಡಿ ಕಟ್ಟುವಷ್ಟೇ ಬೆಲ್ಲ ಸಾಕು.

ಗರಿಗರಿ ಬೇಡುವ ಮಗುವಿಗೆ ಝುಣಕದ ವಡಿಗಿಂತ ಒಳ್ಳೆಯದು ನಮಗೆ ತೋರುತ್ತಿಲ್ಲ. ಒಗ್ಗರಣೆ ಹಾಕಿ ಕುದಿಸಿದ ನೀರಿಗೆ ಕಡಲೆಹಿಟ್ಟನ್ನು ಗಂಟಾಗದಂತೆ ತಿರುವಿ, ಗಟ್ಟಿಯಾದ ಮೇಲೆ ಎಣ್ಣೆ ಸವರಿದ ತಟ್ಟೆಗೆ ತಟ್ಟಿ, ಆರಿದ ಬಳಿಕ ಚೌಕವಾಗಿ ಕೊಯ್ಯುವುದು ಎಲ್ಲರಿಗೂ ಗೊತ್ತು. ಮಕ್ಕಳಿಗೆ ಇದನ್ನು ಇನ್ನೂ ತೆಳ್ಳಗೆ ತಟ್ಟಿ, ಕೊಯ್ದ ತುಣುಕುಗಳನ್ನು ಹಂಚಿನ ಮೇಲೆ ತುಸು ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಸುಟ್ಟುಕೊಡಬೇಕು. ಮೂವತ್ತು ಗ್ರಾಂ ಕಡಲೆಹಿಟ್ಟಿನಲ್ಲಿ ಆರು ಗ್ರಾಂ ಪ್ರೋಟೀನು ಬಂದಿತು. ಕೈಯಲ್ಲಿ ಹಿಡಿದು ಓಡಾಡುತ್ತ ತಿನ್ನಲೂ ಆಯಿತು. ಮೈಸೂರು ಕಡೆಯವರ ನುಚ್ಚಿನುಂಡೆಯೂ ಇದೇ ಜಾತಿಯದು: ನೆನೆಸಿದ ತೊಗರಿಬೇಳೆಯನ್ನು ತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಬೆರೆಸಿ ಹಬೆಯಲ್ಲಿ ಬೇಯಿಸುವುದು. ಅದನ್ನು ಮೊಸರಿನಲ್ಲಿ ಅದ್ದಿ ತಿನ್ನುವುದನ್ನು ಒಮ್ಮೆ ಕಲಿತ ಮಗು ಬಿಡುವುದಿಲ್ಲ.

ನುಣುಪು ಬೇಡುವ ಮಗುವಿಗೆ ಬೇಳೆಯನ್ನು ಚೆನ್ನಾಗಿ ಕಡೆದು ತುಪ್ಪ ಜೀರಿಗೆಯ ಒಗ್ಗರಣೆಯೊಡನೆ ಬಟ್ಟಲಿನಲ್ಲಿ ಕೊಡಿರಿ. ಅನ್ನ ಅದಕ್ಕೆ ಒಂದು ಚಮಚೆ, ಅದರ ಮೇಲೆ ಅನ್ನವಲ್ಲ. ಮೊಸರನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿ ನಾಲ್ಕು ತಾಸು ತೂಗುಹಾಕಿದರೆ ನೀರಿಳಿದು ಬೆಣ್ಣೆಯಂತಾಗುತ್ತದೆ, ಅದೇ ಬಟ್ಟಲಿಗೆ ಪ್ರೋಟೀನು ಇಮ್ಮಡಿಯಷ್ಟಾಗುತ್ತದೆ. ಬೆಳಗಾವಿಯ ಕಡೆಯವರು ಅದಕ್ಕೆ ಸಮನಾಗಿ ಸಕ್ಕರೆ ಸುರಿದು ಶ್ರೀಖಂಡ ಮಾಡುವುದು ಹಬ್ಬಕ್ಕಿರಲಿ; ದಿನನಿತ್ಯಕ್ಕೆ ಸೌತೆಕಾಯಿ ತುರಿ, ಹುರಿದ ಜೀರಿಗೆ, ಉಪ್ಪು ಸಾಕು. ಪನೀರನ್ನು ಮನೆಯಲ್ಲಿಯೇ ಒಡೆದು ಮಾಡಿಕೊಂಡರೆ ಮೃದುವಾಗಿರುತ್ತದೆ. ಉಳಿದ ನೀರನ್ನು ಚೆಲ್ಲದೆ ಚಪಾತಿಯ ಹಿಟ್ಟು ಕಲಸಬೇಕು.

ಸಂಜೆಯ ಚುರಮುರಿಯನ್ನು ನಿಲ್ಲಿಸಲು ಹೋಗಿ ಜಗಳಕ್ಕೆ ಬೀಳಬೇಡಿರಿ. ಹುಬ್ಬಳ್ಳಿ ಧಾರವಾಡದ ಗಿರಮಿಟ್ಟಿಗೆ ಪುಟಾಣಿ ಹಿಟ್ಟು ಬೀಳುವುದನ್ನು ನೆನೆಯಿರಿ. ಚುರಮುರಿಯನ್ನು ಅರ್ಧಕ್ಕಿಳಿಸಿ ಉಳಿದರ್ಧಕ್ಕೆ ಪುಟಾಣಿ, ಹುರಿದ ಶೇಂಗಾ, ಮೊಳಕೆಯೊಡೆಸಿ ಹಬೆಯಾಡಿಸಿದ ಹೆಸರು ಬೆರೆಸಿದರೆ ಮಗುವಿಗೆ ಅದು ಚುರಮುರಿಯೇ, ತಾಯಿಗೆ ಅದು ಊಟ. ಮೊಳಕೆಯೊಡೆಸಿದ ಕಾಳು ಹೊಟ್ಟೆಯುಬ್ಬರವನ್ನೂ ಕಡಿಮೆ ಮಾಡುತ್ತದೆ. ಆದರೆ ನಾಲ್ಕೈದು ವರ್ಷದೊಳಗಿನ ಕೂಸಿಗೆ ಇಡಿಯ ಶೇಂಗಾ, ಇಡಿಯ ಪುಟಾಣಿ ಕೊಡಲೇಬಾರದು. ಶ್ವಾಸನಾಳಕ್ಕೆ ಸಿಕ್ಕರೆ ಪ್ರಾಣಕ್ಕೇ ಸಂಚಕಾರ. ಪುಡಿಮಾಡಿಯೇ ಕೊಡತಕ್ಕದ್ದು.

ಕೆಲವರು ತಿಳಿಯದಂತೆ ಎಲ್ಲದರಲ್ಲಿಯೂ ಬೆರೆಸಿ ಉಣಿಸುವುದನ್ನೇ ದೊಡ್ಡ ಜಾಣ್ಮೆಯೆಂದು ಬಗೆಯುತ್ತಾರೆ. ಹಿಟ್ಟಿಗೆ ಸೋಯಾ ಬೆರೆಸುವುದು ತಪ್ಪಲ್ಲ. ಆದರೆ "ಇದರಲ್ಲಿ ಏನಿದೆ?" ಎಂದು ಮಗು ಕೇಳಿದಾಗ "ಏನೂ ಇಲ್ಲ" ಎಂದು ಸುಳ್ಳಾಡಬಾರದು. ಒಮ್ಮೆ ಸಿಕ್ಕಿಬಿದ್ದರೆ ಆ ಮಗು ತಿನ್ನುತ್ತಿದ್ದ ದೋಸೆಯನ್ನೂ ಸಂದೇಹದಿಂದ ಬಿಡಿಸಿ ನೋಡತೊಡಗುತ್ತದೆ.

ಒತ್ತಾಯದ ವಿಷಯವಾಗಿ ವಿದ್ವಾಂಸರು ಮಾಡಿರುವ ಪ್ರಯೋಗಗಳನ್ನು ಇಲ್ಲಿ ಹೇಳುವುದು ಉಚಿತ. ಅಮೆರಿಕದಲ್ಲಿ ಲಿಯಾನ್ ಬರ್ಚ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಪಾನೀಯವೊಂದನ್ನು ಕುಡಿದರೆ ಬಹುಮಾನವೆಂದು ಆಸೆ ತೋರಿಸಿದ ಮಕ್ಕಳು ಮುಂದೆ ಆ ಪಾನೀಯವನ್ನು ಮೊದಲಿಗಿಂತ ಕಡಿಮೆ ಇಷ್ಟಪಟ್ಟರು. "ಪಲ್ಯ ತಿಂದರೆ ಚಾಕಲೇಟು" ಎಂಬ ನಮ್ಮ ಮನೆಗಳ ಒಪ್ಪಂದ ಪಲ್ಯವನ್ನು ಶಿಕ್ಷೆಯಾಗಿಯೂ ಚಾಕಲೇಟನ್ನು ಮೋಕ್ಷವಾಗಿಯೂ ಮಗುವಿಗೆ ಕಲಿಸುತ್ತದೆ. ಹೊಸ ತಿನಿಸು ನಾಲಿಗೆಗೆ ಒಗ್ಗಲು ಹತ್ತು ಹದಿನೈದು ಬಾರಿ ಸುಮ್ಮನೆ ಎದುರಿಗೆ ಬರಬೇಕಾಗುತ್ತದೆಯೆಂಬುದೂ ಇಂಥ ಅಧ್ಯಯನಗಳಿಂದ ತಿಳಿದುಬಂದುದೇ. ಎರಡು ಸಲ ಇಟ್ಟು, "ಅವನಿಗೆ ಸೇರುವುದಿಲ್ಲ" ಎಂದು ತೀರ್ಪು ಬರೆದುಬಿಡುವ ತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹಾಗಾದರೆ ಮಗು ಕೇಳಿದ್ದನ್ನೇ ಕೊಟ್ಟುಬಿಡೋಣವೆ? ಕ್ಲಾರಾ ಡೇವಿಸ್ ಎಂಬ ವೈದ್ಯೆ ಷಿಕಾಗೋದಲ್ಲಿ ಹಾಲು ಬಿಟ್ಟ ಹದಿನೈದು ಕೂಸುಗಳಿಗೆ ಮೂವತ್ತಕ್ಕೂ ಮಿಕ್ಕ ಬಗೆಯ ಆಹಾರಗಳಲ್ಲಿ ತಮಗೆ ಬೇಕಾದುದನ್ನು ತಾವೇ ಆಯ್ದುಕೊಳ್ಳಲು ಬಿಟ್ಟು, 1939ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಯಾವ ಕೂಸೂ ಇನ್ನೊಂದರಂತೆ ತಿನ್ನಲಿಲ್ಲ, ಎಲ್ಲವೂ ಚೆನ್ನಾಗಿ ಬೆಳೆದವು. ಇದನ್ನು ಕೇಳಿದವರು ಮಕ್ಕಳ ನಾಲಿಗೆಯೇ ಗುರುವೆಂದು ಬಗೆದರು. ಆದರೆ ಆ ವೈದ್ಯೆಯೇ ಗುಟ್ಟನ್ನು ಬಿಚ್ಚಿಟ್ಟಿದ್ದರು: ಎದುರಿಗಿಟ್ಟ ಪಟ್ಟಿಯಲ್ಲಿ ಸಕ್ಕರೆಯಿರಲಿಲ್ಲ, ಸಂಸ್ಕರಿಸಿದ ಹಿಟ್ಟಿರಲಿಲ್ಲ. ಏನನ್ನು ಇಡಬೇಕೆಂಬುದು ದೊಡ್ಡವರ ಕೈಯಲ್ಲಿ. ಇಟ್ಟುದರಲ್ಲಿ ಯಾವುದನ್ನು, ಎಷ್ಟು ತಿನ್ನಬೇಕೆಂಬುದು ಮಗುವಿನ ಕೈಯಲ್ಲಿ. ಬಿಸ್ಕತ್ತಿನ ಡಬ್ಬಿ ಕಪಾಟಿನಲ್ಲಿದ್ದರೆ ಮಗು ಅದನ್ನು ಬೇಡುವುದು ಮಗುವಿನ ದೋಷವಲ್ಲ.

ಆ ಡಬ್ಬಿಯನ್ನು ತಂದಿಡುವವರು ಯಾರೆಂಬುದು ಅನೇಕ ಮನೆಗಳಲ್ಲಿ ಸೂಕ್ಷ್ಮದ ಮಾತು. ಸೊಸೆ ಒಂದು ಹೇಳುತ್ತಾಳೆ, ಅತ್ತೆ ಒಂದು ಕೊಡುತ್ತಾರೆ. ಮೊಮ್ಮಗ ಉಪವಾಸ ಮಲಗಿಯಾನೆಂಬ ಕಳವಳದಿಂದ ಅಜ್ಜಿ ಹಾಲಿಗೆ ಎರಡು ಚಮಚೆ ಸಕ್ಕರೆ ಸುರಿದು ಬಿಸ್ಕತ್ತು ಅದ್ದಿ ಕೊಡುತ್ತಾರೆ. ಅಲ್ಲಿಗೆ ಊಟದ ಹಸಿವು ತೀರಿತು. ಸೊಸೆಯಂದಿರಿಗೆ ನಮ್ಮ ಸಲಹೆಯೆಂದರೆ, ಅಜ್ಜಿಯೊಡನೆ ವಾದಕ್ಕಿಳಿಯದೆ ಕೆಲಸವನ್ನೇ ಒಪ್ಪಿಸಿರಿ. ಶೇಂಗಾ ಹುರಿದು ಕುಟ್ಟುವುದು, ಮಡಕಿ ಕಟ್ಟಿ ಮೊಳಕೆ ಬರಿಸುವುದು, ಗುರೆಳ್ಳಿನ ಹದ, ಇವು ಅವರ ಕೈಗೆ ಬಂದಷ್ಟು ನಿಮ್ಮ ಕೈಗೆ ಬಾರವು. ತಾನು ಮಾಡಿದ ಉಸಳಿಯನ್ನು ಮೊಮ್ಮಗನಿಗೆ ತಿನ್ನಿಸುವಾಗ ಅಜ್ಜಿಗೆ ಬಿಸ್ಕತ್ತಿನ ನೆನಪಾಗುವುದಿಲ್ಲ.

ಪಂಕ್ತಿಯ ಪ್ರಭಾವವನ್ನೂ ಹೇಳಬೇಕು. ಮಠದ ಪ್ರಸಾದನಿಲಯದಲ್ಲಿ ನಾವು ಹುಡುಗರ ನಡುವೆ ಹಲವು ವರ್ಷ ಕಳೆದವರು. ಜೂನ್ ತಿಂಗಳಲ್ಲಿ ಹೊಸದಾಗಿ ಬಂದ ಹುಡುಗ ಹುರಳಿಯ ಸಾರನ್ನು ನೋಡಿ ಅಳುತ್ತಾನೆ. ದಸರೆಯ ರಜೆಗೆ ಮನೆಗೆ ಹೋದಾಗ ತಾಯಿಯನ್ನು ಹುರಳಿ ಬೇಯಿಸೆಂದು ಕೇಳುತ್ತಾನೆ. ಅಲ್ಲಿ ಯಾರೂ ಅವನನ್ನು ಬಲವಂತ ಮಾಡಲಿಲ್ಲ. ಎಡಬಲದ ನಲವತ್ತು ಹುಡುಗರು ಉಂಡರು, ನಡುವೆ ಬೇರೆ ತಿನಿಸು ಸಿಗಲಿಲ್ಲ, ಹಸಿವು ಇತ್ತು. ಇಷ್ಟೇ. ತಂದೆ ಟಿ.ವಿ.ಯ ಮುಂದೆ, ಮಗು ಮೊಬೈಲಿನ ಮುಂದೆ, ತಾಯಿ ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ, ಹೀಗೆ ಉಣ್ಣುವ ಮನೆಯಲ್ಲಿ ಮಗು ಕಾಳಿನ ಪಲ್ಯವನ್ನು ಯಾರನ್ನು ನೋಡಿ ಕಲಿಯಬೇಕು?

ಹಸಿವಿಲ್ಲದಿರುವುದಕ್ಕೆ ದೇಹದ ಕಾರಣಗಳೂ ಇರಬಹುದು. ರಕ್ತಹೀನತೆಯಿದ್ದರೆ ಹಸಿವು ಸಾಯುತ್ತದೆ. ಜಂತುಹುಳುವಿದ್ದರೂ ಅಷ್ಟೇ; ಫೆಬ್ರುವರಿ 10 ಮತ್ತು ಆಗಸ್ಟ್ 10ರಂದು ಶಾಲೆ ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬಾರದು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಗು ಊಟ ಬೇಡವೆಂದರೆ ಆಶ್ಚರ್ಯವಿಲ್ಲ. ಹಾಲಿನಲ್ಲಿ ಕಬ್ಬಿಣದ ಅಂಶವಿಲ್ಲವಾದ್ದರಿಂದ ರಕ್ತವೂ ಕುಗ್ಗುತ್ತದೆ. ಚಹಾ ಅಂತೂ ಮಕ್ಕಳಿಗೆ ಸಲ್ಲದು. ಕಾಳಿನಲ್ಲಿರುವ ಅಲ್ಪ ಕಬ್ಬಿಣವನ್ನೂ ಅದು ದೇಹಕ್ಕೆ ದಕ್ಕಗೊಡುವುದಿಲ್ಲ; ಅದರ ಬದಲು ಉಸಳಿಯ ಮೇಲೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ಅಂಗಡಿಯ ಪುಡಿಗಳ ಬಗ್ಗೆ ಕೇಳುವವರಿಗೆ ಎರಡೇ ಮಾತು. ಹಾಲಿಗೆ ಬೆರೆಸುವ ಬಣ್ಣಬಣ್ಣದ ಪುಡಿಗಳಲ್ಲಿ ಬಹಳಷ್ಟು ಸಕ್ಕರೆಯೇ ಇರುತ್ತದೆ. ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರೆ ತಿಳಿಯುತ್ತದೆ. ಅಂತರ್ಜಾಲದ ಅಂಗಡಿಗಳು ಇಂಥವನ್ನು 'ಆರೋಗ್ಯ ಪೇಯ'ಗಳ ಪಟ್ಟಿಯಿಂದ ತೆಗೆಯಬೇಕೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್ ತಿಂಗಳಲ್ಲಿ ಸೂಚಿಸಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು.

ಇಷ್ಟು ಹೇಳಿದ ಮೇಲೂ ಕೆಲವು ಮಕ್ಕಳ ವಿಷಯದಲ್ಲಿ ಈ ಅಂಕಣದ ಮಾತು ಸಾಲದು. ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವ ಮಗುವಿನ ಅನ್ನ ರೊಟ್ಟಿಯನ್ನು ವೈದ್ಯರಿಗೆ ತಿಳಿಸದೆ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿದೀತು. ಮೂತ್ರಪಿಂಡದ ತೊಂದರೆಯಿರುವ ಮಗುವಿಗೆ ಪ್ರೋಟೀನು ಎಷ್ಟೆಂಬುದನ್ನು ವೈದ್ಯರೇ ಅಳೆದು ಹೇಳಬೇಕು. ಶೇಂಗಾ ತಿಂದೊಡನೆ ಮೈಮೇಲೆ ದದ್ದು, ತುಟಿಯೂತ, ಉಸಿರಾಟದ ಕಷ್ಟ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ಮತ್ತೆ ಎಂದೂ ಪರೀಕ್ಷಿಸಿ ನೋಡಬಾರದು. ತೂಕ ಇಳಿಯುತ್ತಿರುವ, ಗಟ್ಟಿ ಪದಾರ್ಥ ನುಂಗುವಾಗ ಪ್ರತಿಸಲ ಕೆಮ್ಮುವ, ನಾಲ್ಕೈದು ಪದಾರ್ಥಗಳ ಹೊರತು ಬೇರೇನನ್ನೂ ಮುಟ್ಟದ ಮಗುವನ್ನು 'ಹಟಮಾರಿ'ಯೆಂದು ಬಡಿಯುವ ಬದಲು ಮಕ್ಕಳ ತಜ್ಞರಿಗೆ ತೋರಿಸುವುದು ಲೇಸು.

ಇನ್ನು ಶಾಲೆಯ ಡಬ್ಬಿ. ಅದು ತಣ್ಣಗಾದ ಮೇಲೆ ತಿನ್ನುವಂಥದು, ಪಕ್ಕದವರ ಎದುರು ತೆರೆಯುವಂಥದು. ಸಾರು ಸೋರಬಾರದು, ವಾಸನೆ ಹಬ್ಬಬಾರದು. ಸೋಮವಾರ ಹೆಸರಿನ ದೋಸೆಯ ಸುರುಳಿ, ಮಂಗಳವಾರ ಝುಣಕದ ವಡಿ, ಬುಧವಾರ ಪನೀರು ತುರಿದು ತುಂಬಿದ ಸಣ್ಣ ಚಪಾತಿ, ಆಮೇಲೆ ನುಚ್ಚಿನುಂಡೆ, ಕಡಲೆಯ ಉಸಳಿ, ಶನಿವಾರದ ಅರ್ಧ ದಿನಕ್ಕೆ ಹುರಿದ ಶೇಂಗಾ ಪುಟಾಣಿ ಒಂದು ಹಿಡಿ. ಹೊಸದನ್ನು ಮೊದಲ ಬಾರಿಗೆ ಡಬ್ಬಿಯಲ್ಲಿ ಹಾಕಬೇಡಿರಿ. ರವಿವಾರ ಮನೆಯಲ್ಲಿ ರುಚಿ ತೋರಿಸಿ, ಒಪ್ಪಿದರೆ ಮಾತ್ರ ಹಾಕಿರಿ. ಖಾಲಿಯಾಗದೆ ಬಂದ ಡಬ್ಬಿಯನ್ನು ನೋಡಿ ಬಾಗಿಲಲ್ಲಿಯೇ ಗದರದೆ, ಕೈಕಾಲು ತೊಳೆದು ಬಂದ ಮೇಲೆ ಅದನ್ನೇ ಬಿಸಿಮಾಡಿ ಮುಂದಿಟ್ಟರೆ ಶಾಲೆಯಿಂದ ಹಸಿದು ಬಂದ ಮಗು ಬಹುತೇಕ ತಿಂದುಬಿಡುತ್ತದೆ.